ಪುಟ್ಟಿಯ ಎಂಟು, ಏಳು, ನಾಲ್ಕು

ಪುಟ್ಟಿ, ಚಿನ್ನಿ,

ಇದನ್ನು ನಿಮ್ಮಿಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಪುಟ್ಟಿಗೆ ಇದರಲ್ಲಿ ಬಹುಪಾಲು ಗೊತ್ತಿರುವುದೇ. ಚಿನ್ನಿ, ನೀನು ಆಗ ಅಪ್ಪ ಅಮ್ಮನ ಜೊತೆ ಕುರಿಮಂದೆಯ ಹಿಂದೆ ಪಾವಗಡದ ಕಡೆ ಇದ್ದೆ. ಇನ್ನೆರಡು ವರ್ಷಕ್ಕೆ ನೀನೂ ನಿನ್ನಕ್ಕ ಬರೆದಂಥ ಪರೀಕ್ಷೆ ಬರೆಯುವವಳು. ಆಗ ಬರುವ ಕಾಗದವನ್ನು ಯಾರು ಓದಿ ಹೇಳುತ್ತಾರೋ ಏನೋ, ನಾನು ಓದಿದ ಹಾಗಂತೂ ಓದಬಾರದು.

ನಾನು ಮಾತಾಡುವವಳಲ್ಲ. ಮನೆಗೆ ಹೊಸಬರು ಬಂದರೆ ಒಲೆಯ ಮುಂದೆ ಏನಾದರೊಂದು ಕೆಲಸ ಹುಡುಕಿಕೊಂಡು ಕೂತುಬಿಡುತ್ತೇನೆ. ನಿಮ್ಮ ತಾತ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಅವರು ಹೋದ ಮೇಲೆ ಅಂಗಡಿಗೆ ಹೋದರೂ ಬೇಕಾದ್ದನ್ನು ಬೆರಳಲ್ಲಿ ತೋರಿಸಿ ತರುವುದು ನನಗೆ ರೂಢಿಯಾಯಿತು.

ಓದು ಬರಹ ಬರುವುದಿಲ್ಲ ಎಂದಲ್ಲ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ್ದೇನೆ. ಆಗ ಪರೀಕ್ಷೆಯ ಲೆಕ್ಕ ಸುಲಭವಾಗಿತ್ತು. ಮೇಷ್ಟ್ರು ಒಬ್ಬೊಬ್ಬರನ್ನೇ ನಿಲ್ಲಿಸಿ ಅಂಕವನ್ನು ಕೂಗಿ ಹೇಳುತ್ತಿದ್ದರು. ನೂರಕ್ಕೆ ಮೂವತ್ತೈದು ಬಂದವರು ಪಾಸು, ಬಾರದವರು ನಪಾಸು. ಮೂವತ್ತನಾಲ್ಕು ಬಂದ ಒಬ್ಬಳು ಬಾವಿಕಟ್ಟೆಯ ಮೇಲೆ ಕೂತು ಅತ್ತಿದ್ದಳು, ಅವಳ ಪಕ್ಕ ನಾನು ಸುಮ್ಮನೆ ಕೂತಿದ್ದೆ. ಅಂಕ ಎಂದರೆ ನನಗೆ ಗೊತ್ತಿದ್ದದ್ದು ಅಷ್ಟೇ, ಹತ್ತರ ಒಳಗಿನ ಅಂಕ ಬಂದವರು ಮತ್ತೆ ಶಾಲೆಗೆ ಬರುತ್ತಿರಲಿಲ್ಲ.

ಇನ್ನೊಂದು ವಿಷಯ ನಿಮಗೂ ಗೊತ್ತು, ಆದರೂ ಬರೆಯಬೇಕು. ನಮ್ಮ ಹಟ್ಟಿಯಲ್ಲಿ ಕುರಿಯ ಲೆಕ್ಕವನ್ನು ಬಾಯಲ್ಲಿ ಹೇಳುವುದಿಲ್ಲ. ಯಾರಾದರೂ ಕೇಳಿದರೆ "ಅವೆ ಒಂದಷ್ಟು" ಎಂದು ಬೇರೆ ಮಾತಿಗೆ ಹೋಗುತ್ತೇವೆ. ಕೊಬ್ಬಿದ ಮರಿಯನ್ನು ಹೊಸಬರ ಎದುರು ಬಡಕಲು ಎನ್ನುತ್ತೇವೆ. ಮಕ್ಕಳಿಗೂ ಹಾಗೆಯೇ. ನಿಮ್ಮಪ್ಪ ಗುಂಡಗಿದ್ದಾಗ ನಮ್ಮತ್ತೆ ಅವನನ್ನು ಒಣಕಲ ಎಂದೇ ಕರೆಯುತ್ತಿದ್ದರು. ಹೊಗಳಿದರೆ ದೃಷ್ಟಿ, ಎಣಿಸಿದರೆ ನಷ್ಟ. ಇದನ್ನು ಯಾರೂ ನನಗೆ ಕೂರಿಸಿ ಕಲಿಸಲಿಲ್ಲ, ಉಪ್ಪು ಹಾಕುವ ಅಳತೆ ಬಂದ ಹಾಗೆ ತಾನಾಗಿ ಬಂತು.

ಪುಟ್ಟಿಯ ಶಾಲೆಯ ಮೇಡಂ ಅವಳಿಂದ ಆ ಪರೀಕ್ಷೆ ಬರೆಸಿದ್ದರು. ಅದು ಮಧುಗಿರಿಯ ಹೊರಗಿರುವ ಒಂದು ಖಾಸಗಿ ಶಾಲೆಯ ಪರೀಕ್ಷೆ, ಅಲ್ಲಿ ಹಳ್ಳಿ ಮಕ್ಕಳಿಗೆಂದು ಕೆಲವು ಸೀಟು ಬಿಟ್ಟಿಯಾಗಿ ಕೊಡುತ್ತಾರೆ. ಊಟ, ಹಾಸ್ಟೆಲು, ಪುಸ್ತಕ ಎಲ್ಲ ಅವರದೇ. ಪುಟ್ಟಿಗೆ ಆ ಸೀಟು ಸಿಕ್ಕರೆ ವರ್ಷದಲ್ಲಿ ಅರ್ಧ ಕಾಲ ಮಂದೆಯ ಹಿಂದೆ ಅಲೆಯುವುದು ತಪ್ಪುತ್ತದೆ, ಸಿಗದಿದ್ದರೆ ಆರನೆಯ ತರಗತಿ ನಡುವೆಯೇ ನಿಂತರೂ ನಿಂತಿತು. ಹಟ್ಟಿಯ ಎಷ್ಟೋ ಹೆಣ್ಣುಮಕ್ಕಳದು ಹಾಗೆಯೇ ನಿಂತದ್ದು. ಪುಟ್ಟಿ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ದಿನಾ ಅಂಗಳ ಗುಡಿಸುವಾಗ ದಾರಿಯ ಕಡೆ ನೋಡುತ್ತಿದ್ದಳು.

ಬೇಸಿಗೆ ರಜೆ ಶುರುವಾಗಿ ಮೇಡಂ ತಮ್ಮ ಊರಿಗೆ ಹೋಗಿದ್ದರು. ಶಾಲೆಗೆ ಬಂದ ಲಕೋಟೆಯನ್ನು ಬಿಸಿಯೂಟದ ಅಕ್ಕ ತಂದು ಕೊಟ್ಟಳು. ಅದರಲ್ಲಿ ಎರಡು ಹಾಳೆ ಇದ್ದವು. ಒಂದರಲ್ಲಿ, ಹೆತ್ತವರು ಮಗುವನ್ನು ಕರೆದುಕೊಂಡು ಬರಬೇಕೆಂದು ಕನ್ನಡದಲ್ಲಿಯೇ ಇತ್ತು. ಇನ್ನೊಂದು ಪೂರಾ ಇಂಗ್ಲಿಷು. ಅದರಲ್ಲಿ ನನಗೆ ಓದಲು ಬಂದದ್ದು ಅಂಕಿಗಳು ಮಾತ್ರ. ದಪ್ಪ ಅಕ್ಷರದಲ್ಲಿ ಒಂದರ ಕೆಳಗೊಂದು ಎಂಟು, ಏಳು, ನಾಲ್ಕು. ಗಣಿತ, ಬುದ್ಧಿಗೆ ಸಂಬಂಧಿಸಿದ ಪ್ರಶ್ನೆಗಳು, ಇಂಗ್ಲಿಷು ಎಂದು ಪುಟ್ಟಿ ಬೆರಳಿಟ್ಟು ತೋರಿಸಿದಳು. ಪಕ್ಕದಲ್ಲಿ ಸಣ್ಣದಾಗಿ ತೊಂಬತ್ತೊಂದು, ಎಂಬತ್ತನಾಲ್ಕು, ಮೂವತ್ತೈದು.

ಮೂರನ್ನೂ ಮನಸ್ಸಿನಲ್ಲೇ ಕೂಡಿದೆ. ಹತ್ತೊಂಬತ್ತು. ಮೂರು ವಿಷಯ ಸೇರಿ ಹತ್ತೊಂಬತ್ತು! ಪಕ್ಕದ ಅಂಕಿ ಎಷ್ಟನೆಯ ಸ್ಥಾನ ಎಂಬುದಿರಬೇಕು ಎಂದುಕೊಂಡೆ. ಗಣಿತದಲ್ಲಿ ತೊಂಬತ್ತೊಂದನೆಯವಳು. ಕಡಿಮೆ ಅಂಕ ಬಂದ ಇಂಗ್ಲಿಷಿನಲ್ಲಿ ಮೂವತ್ತೈದನೆಯ ಸ್ಥಾನ ಹೇಗೆ ಬಂತು ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ.

"ಅಜ್ಜಿ, ಇದು ಏನು ಗೊತ್ತಾ, ಇಲ್ಲಿ ಹಿಂದ್ಗಡೆ..." ಎಂದು ಪುಟ್ಟಿ ಹಾಳೆ ತಿರುಗಿಸಲು ಹೋದಳು.

"ಬುಡು ತಾಯಿ, ಲೆಕ್ಕ ಎಲ್ಲ ಬಾಯಲ್ಲಿ ಆಡಬಾರ್ದು. ಮಡಚಿ ಇಡು" ಎಂದೆ.

ನನ್ನ ಮಟ್ಟಿಗೆ ಅದು ಪ್ರೀತಿಯ ಮಾತು. ಅವಳ ಸೋಲನ್ನು ಅವಳ ಬಾಯಿಂದಲೇ ಹೇಳಿಸಬಾರದೆಂದುಕೊಂಡೆ.

ನಿಮ್ಮಪ್ಪನಿಗೆ ಫೋನು ಮಾಡಿದೆ. ಮಂದೆ ನಿಡುಗಲ್ಲಿನ ಆಚೆ ಯಾರದೋ ಹೊಲದಲ್ಲಿ ಗೊಬ್ಬರಕ್ಕೆ ತಂಗಿತ್ತು.

"ಅವ್ವಾ, ಸರಿಯಾಗಿ ಕೇಳುಸ್ತಿಲ್ಲ, ಗುಡ್ಡ ಅಡ್ಡ ಐತೆ. ಮಂದೆ ಬುಟ್ಟು ಬರಕ್ಕಾಗಲ್ಲ. ನೀನೇ ಕರ್ಕಂಡೋಗು."

"ನಾನು ಏನು ಮಾತಾಡ್ಲೋ ಅಲ್ಲಿ?"

"ನೀನೇನೂ ಮಾತಾಡ್ಬ್ಯಾಡ. ಪಕ್ಕದಲ್ಲಿ ಕುತ್ಕ ಅಷ್ಟೇಯ. ಮಾತಾಡಕ್ಕೆ ಪುಟ್ಟಿ ಇಲ್ವಾ?"

ನಿಮ್ಮಪ್ಪ ಹೇಳಿದಷ್ಟು ಮಾಡಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಕಳ್ಳಂಬೆಳ್ಳದಿಂದ ಶಿರಾಕ್ಕೆ ಬಂದು ಅಲ್ಲಿ ಮಧುಗಿರಿ ಬಸ್ಸು ಹತ್ತಿದೆವು. ಪುಟ್ಟಿ ಕಿಟಕಿಯ ಪಕ್ಕ. ನಾನು ದಾರಿಯುದ್ದಕ್ಕೂ ಒಂದು ಮಾತನ್ನು ಕಟ್ಟುತ್ತಿದ್ದೆ. ಆಡುವುದು ಅಭ್ಯಾಸವಿಲ್ಲದವರು ಹಾಗೆಯೇ, ಒಂದೇ ಸಲ ಹೇಳಬೇಕಾದ್ದನ್ನು ನೂರು ಸಲ ಒಳಗೇ ಹೇಳಿಕೊಳ್ಳುತ್ತಾರೆ. ಅಂಕ ಇಷ್ಟು ಕಡಿಮೆಯಿದ್ದರೂ ಕರೆಸಿದ್ದಾರೆ ಎಂದರೆ ಕೇಳಿಕೊಂಡವರಿಗೆ ಕರುಣೆ ತೋರಿಸುವ ಜನವಿರಬೇಕು, ನಾನು ಚೆನ್ನಾಗಿ ಕೇಳಿಕೊಂಡರೆ ಮಗುವಿನ ಸೀಟು ಉಳಿದೀತು ಎಂದು ನನ್ನ ಲೆಕ್ಕ.

"ಅಜ್ಜಿ, ಯಾಕೆ ಬಾಯಿ ಅಲ್ಲಾಡುಸ್ತಿದೀಯ? ಜಪ ಮಾಡ್ತಿದೀಯಾ?" ಎಂದು ಪುಟ್ಟಿ ನಕ್ಕಳು.

"ಹೂಂ, ಜಪವೇ" ಎಂದೆ.

ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿದ್ದರು. ನಾನು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟೆ. ಬೇರೆ ಯಾರೂ ಬಿಟ್ಟಿರಲಿಲ್ಲ. ಮತ್ತೆ ಹಾಕಿಕೊಳ್ಳಲು ಹೋದರೆ ಎಲ್ಲರೂ ನೋಡುತ್ತಾರೆಂದು ಬರಿಗಾಲಲ್ಲೇ ಹೋಗಿ ಕೂತು ಪಾದವನ್ನು ಸೀರೆಯ ಅಂಚಿನಡಿ ಎಳೆದುಕೊಂಡೆ. ನಮ್ಮ ಪಕ್ಕ ಶಿರಾದ ಒಬ್ಬ ಹೆಂಗಸು, ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿಕೊಂಡು ಕೂತಿದ್ದಳು. ಮಸೀದಿಯ ಬೀದಿಯಲ್ಲಿ ಅವರಿಗೆ ಪಾತ್ರೆ ಅಂಗಡಿಯಂತೆ. ಜೊತೆಯಲ್ಲಿ ಪುಟ್ಟಿಯ ವಯಸ್ಸಿನ ಮಗಳು.

"ಅಜ್ಜೀ, ಯಾಕೆ ಇಷ್ಟು ಫಿಕರ್ ಮಾಡ್ತೀರಿ? ನೀರು ಕುಡೀರಿ" ಎಂದು ಬಾಟಲಿ ಕೊಟ್ಟಳು. "ನಮ್ ಹುಡ್ಗೀದು ಐದು, ಐದು, ಆರು. ಮಾಶಾಅಲ್ಲಾ, ಚೆನ್ನಾಗ್ ಬಂದೈತೆ. ನಿಮ್ದು?"

ನಾನು ಅವಳ ಮುಖವನ್ನೇ ನೋಡಿದೆ. ಐದು ಅಂಕ ಬಂದದ್ದಕ್ಕೆ ಯಾರಾದರೂ ಹೀಗೆ ನಗುತ್ತಾರೆಯೇ? ಅದೂ ಜಗಲಿ ತುಂಬ ಕೇಳುವ ಹಾಗೆ? ಪಾಪ, ಇವಳಿಗೆ ಓದು ಬಾರದೇನೋ ಎಂದುಕೊಂಡೆ. ದೃಷ್ಟಿ ತಗಲದಿರಲಿ ಎಂದು ಅವರು ಮಾಶಾಅಲ್ಲಾ ಎಂಬ ಮಾತನ್ನು ಸೇರಿಸುತ್ತಾರೆಂದು ಈಗ ತಿಳಿದಿದೆ. ಲೆಕ್ಕವನ್ನು ಧೈರ್ಯವಾಗಿ ಹೇಳಲು ಅವರಿಗೊಂದು ಮಾತಿದೆ. ನಮಗೆ ಇರುವುದು ಬಾಯಿ ಮುಚ್ಚಿಕೊಳ್ಳುವುದೊಂದೇ.

"ನಂದು ಎಂಟು..." ಎಂದು ಪುಟ್ಟಿ ಶುರು ಮಾಡಿದಳು. ನಾನು ಸೆರಗಿನ ಮರೆಯಲ್ಲಿ ಅವಳ ತೊಡೆ ಚಿವುಟಿದೆ.

"ಏನಿಲ್ಲ ಬುಡವ್ವ, ಏನೋ ಒಂದಷ್ಟು ಬಂದೈತೆ" ಎಂದೆ.

ಆ ತಾಯಿ "ಅಚ್ಛಾ" ಎಂದಳು. ನಾನು ಒಂದು ಮಾತು ಕೇಳಿದ್ದರೆ ಅವಳೇ ಎಲ್ಲ ಹೇಳುತ್ತಿದ್ದಳು.

ಒಳಗೆ ಇಬ್ಬರು ಮೇಡಂ. ದೊಡ್ಡವರಿಗೆ ಕೂದಲು ನರೆತಿತ್ತು, ಇನ್ನೊಬ್ಬರು ಚಿಕ್ಕ ವಯಸ್ಸಿನವರು. ದೊಡ್ಡ ಮೇಡಂ "ಬನ್ನಿ, ಕೂತ್ಕೊಳ್ಳಿ" ಎಂದಷ್ಟೇ ಅಂದದ್ದು. ಕೂತರೆ ಕಟ್ಟಿಕೊಂಡು ಬಂದ ಮಾತು ಮರೆತುಹೋಗುತ್ತದೆ ಎಂಬ ಭಯ ನನಗೆ. ನಿಂತುಕೊಂಡೇ ಕೈಮುಗಿದು ಶುರು ಮಾಡಿದೆ. ನನ್ನ ದನಿ ಅಷ್ಟು ಜೋರಾಗಿದೆ ಎಂದು ಅವತ್ತೇ ನನಗೆ ಗೊತ್ತಾದದ್ದು.

"ಅಮ್ಮಾ, ನಮ್ಮುಡುಗಿ ದಡ್ಡಿ ಕಣಮ್ಮ. ತಲೆ ಓಡಕ್ಕಿಲ್ಲ. ಕುರಿ ಕಾಯೋರ ಮನೇದು, ಅದಕ್ಕೇನು ಗೊತ್ತಾಯ್ತದೆ? ಅಂಕ ಬಂದಿಲ್ಲ ಅಂತ ಬುಡಬ್ಯಾಡಿ. ಹೆಂಗಾರ ಮಾಡಿ ಸೇರುಸ್ಕಳಿ. ನಮ್ಮತ್ರ ಒಂದು ಟಗರು ಐತೆ, ಒಳ್ಳೇದು, ತಂದು ನಿಮ್ಮ ಮನೆ ಮುಂದೆ ಕಟ್ತೀವಿ."

ಚಿಕ್ಕ ಮೇಡಂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು, ಆದರೂ ನಗು ಹೊರಗೆ ಬಂದುಬಿಟ್ಟಿತು. ಬಾಗಿಲು ತೆರೆದೇ ಇತ್ತು. ಜಗಲಿಯಲ್ಲಿ ಯಾರೋ ಗಂಡಸು "ಟಗರಂತೆ!" ಎಂದದ್ದೂ, ಅದಕ್ಕೆ ನಾಲ್ಕಾರು ಜನ ನಕ್ಕದ್ದೂ ಕೇಳಿಸಿತು.

ದೊಡ್ಡ ಮೇಡಂ ನಗಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಯಾರಜ್ಜಿ ಹೇಳಿದ್ದು ನಿಮಗೆ, ಮಗು ದಡ್ಡಿ ಅಂತ?"

"ಕಾಗ್ದದಲ್ಲೇ ಐತಲ್ಲಮ್ಮ. ಎಂಟು, ಏಳು, ನಾಲ್ಕು. ಒಟ್ಟು ಹತ್ತೊಂಬತ್ತು."

ಕೂಡಿದ್ದೇನೆ ಎಂದು ಬೇರೆ ತೋರಿಸಿಕೊಂಡೆ!

ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿ ನಿಧಾನವಾಗಿ ಹೇಳಿದರು. ಚಿನ್ನಿ, ಇದನ್ನು ನೀನು ಗಮನವಿಟ್ಟು ಓದು. ಆ ದಪ್ಪ ಅಂಕಿ ಅಂಕವೇ ಅಲ್ಲ. ಪರೀಕ್ಷೆ ಬರೆದ ಒಂದೇ ತರಗತಿಯ ಮಕ್ಕಳನ್ನೆಲ್ಲ ಒಂಬತ್ತು ಮೆಟ್ಟಿಲ ಮೇಲೆ ನಿಲ್ಲಿಸಿದ ಹಾಗೆ ಅದು. ಒಂದು ಎಂದರೆ ಕೆಳಗಿನ ಮೆಟ್ಟಿಲು, ಒಂಬತ್ತು ಎಂದರೆ ಮೇಲಿನದು. ನಾಲ್ಕು, ಐದು, ಆರು ನಡುವಿನವು, ಬಹಳ ಮಕ್ಕಳು ನಿಲ್ಲುವುದು ಅಲ್ಲಿಯೇ. ಏಳರ ಮೇಲೆ ಹೋಗುವವರು ಕಡಿಮೆ. ಅವನ್ನು ಕೂಡಿ ಒಟ್ಟು ಮಾಡುವುದಿಲ್ಲ. ಪಕ್ಕದ ಸಣ್ಣ ಅಂಕಿಗೆ ಪರ್ಸೆಂಟೈಲ್ ಎನ್ನುತ್ತಾರೆ. ಅದು ನೂರಕ್ಕೆ ಬಂದ ಅಂಕವೂ ಅಲ್ಲ, ಎಷ್ಟನೆಯವಳು ಎಂಬುದೂ ಅಲ್ಲ. ನೂರು ಮಕ್ಕಳಿದ್ದಾರೆ ಎಂದುಕೊಂಡರೆ ಅವರಲ್ಲಿ ಎಷ್ಟು ಮಕ್ಕಳು ನಿನ್ನ ಹಿಂದಿದ್ದಾರೆ ಎಂಬುದು. ಗಣಿತದಲ್ಲಿ ಪುಟ್ಟಿಯ ಹಿಂದೆ ತೊಂಬತ್ತೊಂದು. ಇಂಗ್ಲಿಷಿನಲ್ಲಿ ಅವಳ ಹಿಂದೆ ಇದ್ದದ್ದು ಮೂವತ್ತೈದೇ, ಕನ್ನಡ ಶಾಲೆಯ ಮಗುವಿಗೆ ಅದೂ ತಲೆ ತಗ್ಗಿಸುವ ವಿಷಯವಲ್ಲ.

ನನಗೆ ಅದು ತಲೆಗೆ ಹತ್ತಿತು. ಒಂದೇ ಹಂಗಾಮಿನಲ್ಲಿ ಹುಟ್ಟಿದ ಮರಿಗಳನ್ನು ಹಟ್ಟಿಯಲ್ಲಿ ಒಟ್ಟಿಗೆ ಬಿಟ್ಟು, ಇದು ಅದಕ್ಕಿಂತ ಮುಂದು, ಅದು ಇದಕ್ಕಿಂತ ಹಿಂದು ಎಂದು ಕಣ್ಣಲ್ಲೇ ಬೇರೆ ಮಾಡುತ್ತೇವಲ್ಲ, ಹಾಗೆ. ಒಂದು ಮರಿ ಎಷ್ಟು ತೂಗುತ್ತದೆ ಎನ್ನುವುದಕ್ಕಿಂತ ಜೊತೆಯವುಗಳ ನಡುವೆ ಎಲ್ಲಿ ನಿಂತಿದೆ ಎನ್ನುವುದನ್ನೇ ನಾನು ಹುಟ್ಟಿದಾಗಿನಿಂದ ನೋಡಿದ್ದು. ಅಷ್ಟು ನೋಡಿದವಳಿಗೆ ಕಾಗದದ ಮೇಲಿನದು ಕಾಣಲಿಲ್ಲ.

ದೊಡ್ಡ ಮೇಡಂ ಆಮೇಲೆ ಪುಟ್ಟಿಯ ಕಡೆ ತಿರುಗಿದರು.

"ಗಣಿತ ಇಷ್ಟಾನಾ ಮಗಾ?"

ಪುಟ್ಟಿ ನೆಲ ನೋಡಿದಳು.

"ಮನೇಲಿ ಯಾರು ಹೇಳ್ಕೊಡ್ತಾರೆ?"

ಮಾತಿಲ್ಲ.

"ಇಲ್ಲಿ ಹಾಸ್ಟೆಲಲ್ಲಿ ಇರ್ತೀಯಾ? ಹೆದರಿಕೆ ಆಗುತ್ತಾ?"

ಬೆರಳುಗಳನ್ನು ಒಂದರಲ್ಲೊಂದು ಸಿಕ್ಕಿಸಿಕೊಂಡು ಕೂತೇ ಇದ್ದಳು. ಹಟ್ಟಿಯಲ್ಲಿ ಮಳೆರಾಯನಿಗೂ ಎದುರುತ್ತರ ಕೊಡುವ ಹುಡುಗಿ ಅವಳು. ನಾನು "ಹೇಳವ್ವ, ಹೇಳು" ಎಂದು ಬೆನ್ನು ಸವರಿದೆ. ಆ ಬೆನ್ನು ಕಟ್ಟಿಗೆಯ ಹಾಗಿತ್ತು.

"ನೋಡಿ ಅಜ್ಜಿ, ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದ್ರೆ ಅದೊಂದನ್ನೇ ನೋಡಿ ನಾವು ಸೇರಿಸ್ಕೊಳ್ಳಲ್ಲ. ಮನೆ ಬಿಟ್ಟು ಇರೋ ಮಗು, ಹಸಿವಾದ್ರೆ, ಜ್ವರ ಬಂದ್ರೆ ಬಾಯಿ ಬಿಟ್ಟು ಹೇಳ್ಬೇಕು. ಮುಂದಿನ ವಾರ ಅಪ್ಪ ಅಮ್ಮನ ಜೊತೆ ಇನ್ನೊಂದ್ಸಲ ಬರಲಿ. ಅವತ್ತೂ ಮಾತಾಡದಿದ್ರೆ ಕಷ್ಟ" ಎಂದರು.

ಹೊರಗೆ ಬಂದಾಗ ಜಗಲಿಯಲ್ಲಿದ್ದವರೆಲ್ಲ ತಿರುಗಿ ನಮ್ಮನ್ನೇ ನೋಡಿದರು. ಶಿರಾದ ಆ ಹೆಂಗಸೊಬ್ಬಳೇ ಎದ್ದು ಬಂದು ನನ್ನ ಚಪ್ಪಲಿಯನ್ನು ಕಾಲಿಗೆ ಸಿಗುವ ಹಾಗೆ ತಿರುಗಿಸಿ ಇಟ್ಟಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮಧುಗಿರಿ ಬಸ್ ನಿಲ್ದಾಣದಲ್ಲಿ ಶಿರಾ ಬಸ್ಸಿಗೆ ಕಾಯುತ್ತಾ ಕೂತೆವು. ಪುಟ್ಟಿಗೆ ಬನ್ನು ಕೊಡಿಸಿದೆ. ಅವಳು ತಿನ್ನದೆ ಕೈಯಲ್ಲಿ ಹಿಡಿದಿದ್ದಳು.

"ನಂಗೆ ಗೊತ್ತಿತ್ತು ಅಜ್ಜಿ. ಹಿಂದ್ಗಡೆ ಮೆಟ್ಲಿನ ಚಿತ್ರ ಇತ್ತು. ನಾನು ಓದ್ಕಂಡಿದ್ದೆ. ನೀನೇ ಹೇಳಕ್ಕೆ ಬುಡ್ಲಿಲ್ಲ."

"ಹೂಂ ಕಣವ್ವ, ನಾನೇ ಬುಡ್ಲಿಲ್ಲ. ಮತ್ತೆ ಒಳಗೆ ಮೇಡಂ ಕೇಳ್ದಾಗ ಯಾಕೆ ಸುಮ್ಕಿದ್ದೆ? ಅಲ್ಲಿ ಹೇಳ್ಬೋದಿತ್ತಲ್ಲ?"

ಅವಳು ಬನ್ನಿನ ಒಂದು ಚೂರು ಮುರಿದು ನನ್ನ ಕೈಗಿಟ್ಟಳು.

"ನೀನು ಅಷ್ಟು ಜನದ ಮುಂದೆ ನನ್ನ ದಡ್ಡಿ ಅಂದೆ. ನಾನು ಪಟಪಟ ಅಂತ ಮಾತಾಡಿದ್ರೆ ನಿನ್ನ ಸುಳ್ಳಿ ಅಂತಿದ್ರು. ಮೊದ್ಲೇ ನಗ್ತಿದ್ರಲ್ಲ."

ಆ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಜಗಲಿಯ ನಗು, ಟಗರಿನ ಮಾತು, ಬರಿಗಾಲು ಇವೆಲ್ಲ ಸೇರಿ ಆದ ನಾಚಿಕೆ ಒಂದು ಥರದ್ದು. ಮುಖ ಬಿಸಿಯಾಗುತ್ತದೆ, ಮನೆಗೆ ಹೋಗಿ ನೀರು ಎರಚಿಕೊಂಡರೆ ಆರುತ್ತದೆ. ಹನ್ನೊಂದು ವರ್ಷದ ಮಗು ನನ್ನ ಮಾನ ಉಳಿಸಲು ತನ್ನ ಸೀಟನ್ನೇ ಬಿಡಲು ಕೂತಿತ್ತು ಎಂಬುದು ಇನ್ನೊಂದು ಥರದ್ದು. ಅದು ಇನ್ನೂ ಆರಿಲ್ಲ.

ನಿಮ್ಮಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ.

"ಯಾವ ಟಗರವ್ವ? ಆ ಕರೀದಾ? ಅಯ್ಯೋ, ನನ್ನೊಂದು ಮಾತು ಕೇಳ್ಬಾರ್ದಾ, ಕುಂಟೋದು ಕೊಡಬೋದಿತ್ತು!" ಎಂದು ನಕ್ಕುಬಿಟ್ಟ. ಆಮೇಲೆ, "ಅವಳನ್ನ ಕಳುಸ್ತೀನಿ ಬುಡು" ಎಂದ. ನಿಮ್ಮಮ್ಮ ಪಾವಗಡದಿಂದ ಬಸ್ಸಿನಲ್ಲಿ ಬಂದಳು. ನನ್ನನ್ನು ಏನೂ ಕೇಳಲಿಲ್ಲ. ಬಂದವಳೇ ಪುಟ್ಟಿಯ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಾ, "ನಿನ್ನ ಬಾಯಿ ಎಲ್ಲಿ ಕಳ್ಕಂಡು ಬಂದೆಯಮ್ಮ, ಅಲ್ಲೇ ಹುಡುಕ್ಕೊಂಡು ಬರಾನ ನಡಿ" ಎಂದಳು.

ಹೊರಡುವ ಬೆಳಿಗ್ಗೆ ನಾನೂ ಒಗೆದ ಸೀರೆ ಉಟ್ಟು ನಿಂತಿದ್ದೆ. ಅವತ್ತು ಆದದ್ದನ್ನು ಎದುರಿಗೆ ನಿಂತು ಸರಿಮಾಡಬೇಕು, ಆ ಮೇಡಂಗೆ ನನ್ನ ಮೊಮ್ಮಗಳು ಜಾಣೆ ಎಂದು ಹೇಳಬೇಕು ಎಂದುಕೊಂಡಿದ್ದೆ. ಪುಟ್ಟಿ ಹತ್ತಿರ ಬಂದು ನನ್ನ ಸೆರಗು ಹಿಡಿದು, ಅಮ್ಮನಿಗೆ ಕೇಳದ ಹಾಗೆ ಹೇಳಿದಳು.

"ಅಜ್ಜಿ, ನೀನು ಬರಬ್ಯಾಡ ಕಣಜ್ಜಿ. ನೀನು ಪಕ್ಕದಲ್ಲಿದ್ರೆ ನಂಗೆ ಮತ್ತೆ ಮಾತು ಬರಲ್ಲ."

"ಆಗ್ಲಿ ತಾಯಿ" ಎಂದೆ. ಸೀರೆ ಬದಲಾಯಿಸಿ ಹಟ್ಟಿಯ ಕಸ ಬಾಚಲು ಹೋದೆ. ಅವರು ತಿರುಗಿ ಬರುವವರೆಗೆ ಬಾಚಿದ ಜಾಗವನ್ನೇ ಮತ್ತೆ ಮತ್ತೆ ಬಾಚಿದೆ. ಪುಟ್ಟಿ ದಾರಿಯ ತಿರುವಿನಿಂದಲೇ "ಸಿಕ್ತು ಅಜ್ಜೀ!" ಎಂದು ಕೂಗಿಕೊಂಡು ಓಡಿ ಬಂದಳು. ಆಗಲೂ ನಾನು ಮಾಡಿದ್ದೇನು? "ಮೆತ್ತಗೆ ಕಣೇ, ಕೂಗ್ಬ್ಯಾಡ" ಎಂದು ಸುತ್ತ ಯಾರಾದರೂ ಇದ್ದಾರೆಯೇ ನೋಡಿದೆ. ಓಡಿ ಬರುತ್ತಿದ್ದ ಮಗುವಿನ ಕಾಲು ನಿಧಾನವಾಯಿತು. ನಿನಗೆ ನೆನಪಿದೆಯೋ ಇಲ್ಲವೋ ಪುಟ್ಟಿ, ನನಗಿದೆ.

ಹಾಸ್ಟೆಲಿನಲ್ಲಿ ಮನೆಯವರು ಬಂದು ನೋಡುವ ಭಾನುವಾರಗಳಿವೆ. ಚಿನ್ನಿ, ನೀವೆಲ್ಲ ಹೋಗುತ್ತೀರಿ. ನನಗೆ ಪ್ರತಿ ಸಲವೂ ಮಂಡಿ ನೋವು. ಮಂಡಿ ನೋಯುವುದು ನಿಜ, ಆದರೆ ಆ ಭಾನುವಾರಗಳಲ್ಲಿ ನೋಯುವಷ್ಟಲ್ಲ. ಶಿರಾದ ಆ ಹೆಂಗಸಿನ ಮಗಳಿಗೂ ಅಲ್ಲಿ ಸೀಟು ಸಿಕ್ಕಿದೆ, ಪುಟ್ಟಿಯ ಪಕ್ಕದ ಮಂಚವೇ ಅವಳದು. ಹೋದ ಸಲ ಬಂದ ಮೇಲೆ ನೀನು ಹೇಳಿದೆ, "ಅಲ್ಲಿ ಎಲ್ರೂ ಟಗರಜ್ಜಿ ಯಾವಾಗ ಬತ್ತಾರೆ ಅಂತ ಕೇಳ್ತಾರೆ. ಅಕ್ಕಾನೇ ಹೇಳೌಳೆ." ಅದನ್ನು ಪುಟ್ಟಿ ನಗುತ್ತಾ ಹೇಳಿದಳೋ, ಬೇರೆಯವರು ನಗುವ ಮೊದಲೇ ತಾನೇ ಹೇಳಿಬಿಡೋಣ ಎಂದು ಹೇಳಿದಳೋ, ನಿನಗೆ ಹೇಗೆ ಗೊತ್ತಾಗಬೇಕು?

ಮುಂದಿನ ಭಾನುವಾರ ನಾನೂ ಬರಬೇಕೆಂದಿದ್ದೇನೆ. ಪುಟ್ಟಿ, ಬರುವ ಮೊದಲು ಇದು ನಿನ್ನ ಕೈ ಸೇರಲಿ ಎಂದು ಅವಸರದಲ್ಲಿ ಬರೆದೆ. ನಿನ್ನ ಗೆಳತಿಯರ ಎದುರು ನಿಂತು ಹೇಳಬೇಕಾದ್ದನ್ನು ಈಗ ಮತ್ತೆ ಒಳಗೊಳಗೇ ಕಟ್ಟುತ್ತಿದ್ದೇನೆ. ಬಾಯಿಗೆ ಬಂದರೆ ಬಂತು. ಬಾರದೆ ಹೋದರೆ, ಇದನ್ನು ಓದಿಕೋ: ನೀನು ಜಾಣೆ. ಯಾರ ದೃಷ್ಟಿ ಬಿದ್ದರೂ ಬೀಳಲಿ. ನಾನು ಅವತ್ತು ಹೇಳಿದ್ದು ಸುಳ್ಳು, ನನ್ನನ್ನು ಸುಳ್ಳಿ ಎಂದು ಯಾರಾದರೂ ಅಂದರೆ ಅನ್ನಲಿ, ನೀನು ಮಾತಾಡು.

ಈ ಹಾಳೆಗಳನ್ನು ಪುಸ್ತಕಕ್ಕೆ ರಟ್ಟು ಹಾಕಲು ಹರಿಯಬೇಡಿ. ಪುಟ್ಟಿ ಓದಿದ ಮೇಲೆ ಚಿನ್ನಿಗೆ ಕೊಡಲಿ, ಚಿನ್ನಿ ತನ್ನ ಬಟ್ಟೆಯ ಟ್ರಂಕಿನಲ್ಲಿ ಇಲಿ ಮುಟ್ಟದ ಹಾಗೆ ಇಟ್ಟುಕೊಳ್ಳಲಿ. ನಿಮ್ಮ ಮನೆಗೆ ಮುಂದೆ ಯಾವ ಮಗು ಅಂಥ ಕಾಗದ ತಂದರೂ, ಅದನ್ನು ಮಡಚಿ ಇಡು ಎನ್ನುವ ಮೊದಲು ಇದನ್ನು ಒಮ್ಮೆ ತೆಗೆದು ಓದಿ.